ಎಡ್ಡಿ ಹಾಡಿದ್ದಲ್ಲ, ಸ್ಪ್ರಿಂಗ್‌ಸ್ಟೀನ್ ಹಾಡಿದ್ದೂ ಅಲ್ಲ

ಪ್ರಶ್ನೆ: ನಮ್ಮ ಸೋದರಮಾವ 1986ರಲ್ಲಿ ನ್ಯೂಜೆರ್ಸಿಯಿಂದ ಊರಿಗೆ ಬಂದಾಗ ಒಂದು ಕ್ಯಾಸೆಟ್ ತಂದಿದ್ದರು. ಅಲ್ಲಿ ಇಲ್ಲಿ ರೆಕಾರ್ಡ್ ಮಾಡಿಕೊಂಡ ಇಂಗ್ಲಿಷ್ ಹಾಡುಗಳು. ಒಂದು ಹಾಡಿನ ಎದುರಿಗೆ ಪೆನ್ನಿನಲ್ಲಿ 'ಎಡ್ಡಿ, ಸಿನಿಮಾ' ಅಂತ ಮಾತ್ರ ಬರೆದಿದೆ. ಪಿಯಾನೊ, ಚಪ್ಪಾಳೆ, ಒರಟು ಗಂಡುಧ್ವನಿ. 'ಡಾರ್ಕ್ ಸೈಡ್' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳಿದರೆ ಥೇಟ್ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಆದರೆ ಅವರ ಯಾವ ಆಲ್ಬಮ್‌ನಲ್ಲೂ ಈ ಹಾಡು ಸಿಗಲಿಲ್ಲ. 'ಡಾರ್ಕ್ ಸೈಡ್' ಅಂತ ನೆಟ್‌ನಲ್ಲಿ ಹುಡುಕಿದರೆ ಬರೀ ಪಿಂಕ್ ಫ್ಲಾಯ್ಡ್ ಎಂಬ ಬ್ಯಾಂಡಿನ ಆಲ್ಬಮ್ ಬರುತ್ತದೆ. ಹಾಡು ಗುರುತಿಸುವ ಆ್ಯಪ್‌ಗೆ ಕ್ಯಾಸೆಟ್ ಕೇಳಿಸಿದರೂ ಏನೂ ಪ್ರಯೋಜನ ಆಗಲಿಲ್ಲ. ಹಾಡಿದ್ದು ಯಾರು? ಇಷ್ಟು ಚೆಂದದ ಹಾಡನ್ನು ಜನ ಯಾಕೆ ಮರೆತರು? ಒಳ್ಳೆಯ ಪ್ರತಿ ಹೇಗೆ ಹುಡುಕಲಿ?

ಉತ್ತರ: ಮೊದಲು ಹೆಸರು ಹೇಳಿಬಿಡುತ್ತೇನೆ. ಹಾಡು 'ಆನ್ ದ ಡಾರ್ಕ್ ಸೈಡ್'. ಬರೆದು ಹಾಡಿದವರು ಜಾನ್ ಕ್ಯಾಫರ್ಟಿ. ನುಡಿಸಿದ್ದು ಅವರ ತಂಡ, ಬೀವರ್ ಬ್ರೌನ್ ಬ್ಯಾಂಡ್. ಸಿನಿಮಾ 1983ರ 'ಎಡ್ಡಿ ಆ್ಯಂಡ್ ದ ಕ್ರೂಸರ್ಸ್'. ನಿಮ್ಮ ಮಾವ ಬರೆದಿಟ್ಟ 'ಎಡ್ಡಿ' ಒಬ್ಬ ಗಾಯಕ ಹೌದು, ಆದರೆ ಅವನು ಸಿನಿಮಾದೊಳಗೆ ಮಾತ್ರ ಇದ್ದ.

ನೀವು ಸ್ಪ್ರಿಂಗ್‌ಸ್ಟೀನ್ ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಈ ಹಾಡು ಬಂದಾಗ ಅಮೆರಿಕದಲ್ಲೇ ಎಷ್ಟೋ ಜನ ಹಾಗೇ ಅಂದುಕೊಂಡಿದ್ದರು. ಮುಂದೆ ಹಾಡು ಕಳೆದುಹೋಗಿದ್ದಕ್ಕೂ ಈ ಗೊಂದಲವೇ ಅರ್ಧ ಕಾರಣ ಅಂತ ನನ್ನ ಲೆಕ್ಕ. ಉಳಿದರ್ಧ ಎಡ್ಡಿಯದು.

ಸಿನಿಮಾದ ಕಥೆ ಗೊತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. ಪಿ.ಎಫ್. ಕ್ಲೂಗ್ 1980ರಲ್ಲಿ ಬರೆದ ಕಾದಂಬರಿಯನ್ನು ಮಾರ್ಟಿನ್ ಡೇವಿಡ್‌ಸನ್ ಸಿನಿಮಾ ಮಾಡಿದರು. ಅರವತ್ತರ ದಶಕದ ಆರಂಭ. ನ್ಯೂಜೆರ್ಸಿ ಕಡಲತೀರದ ಬಾರ್‌ಗಳಲ್ಲಿ ಹಾಡುವ ತಂಡ ಕ್ರೂಸರ್ಸ್. ಅದರ ನಾಯಕ ಎಡ್ಡಿ ವಿಲ್ಸನ್. ಮೊದಲ ಆಲ್ಬಮ್ ಗೆಲ್ಲುತ್ತದೆ. ಎರಡನೆಯದಕ್ಕೆ ಎಡ್ಡಿ ಫ್ರೆಂಚ್ ಕವಿ ರಾಂಬೋನ ಕವಿತೆಯ ಹೆಸರಿಡುತ್ತಾನೆ, ಯಾರೂ ಕೇಳಿರದ ಥರದ ಸಂಗೀತ ಮಾಡುತ್ತಾನೆ. ಕಂಪನಿಯವರು ಅದನ್ನು ಬೇಡ ಅನ್ನುತ್ತಾರೆ. ಅದೇ ಹೊತ್ತಿಗೆ ಎಡ್ಡಿಯ ಕಾರು ಸೇತುವೆಯಿಂದ ನೀರಿಗೆ ಬೀಳುತ್ತದೆ. ಹೆಣ ಸಿಗುವುದಿಲ್ಲ. ಹಾಡಿನ ಮೂಲ ಟೇಪುಗಳೂ ಮಾಯ. ಸುಮಾರು ಇಪ್ಪತ್ತು ವರ್ಷದ ಮೇಲೆ ಒಬ್ಬ ಟಿವಿ ವರದಿಗಾರ್ತಿ ಆ ಟೇಪುಗಳ ಬೆನ್ನು ಹತ್ತುತ್ತಾಳೆ. ಕಳೆದುಹೋದ ಹಾಡು ಹುಡುಕುವ ಕಥೆಯ ಸಿನಿಮಾದಿಂದಲೇ ಒಂದು ಹಾಡು ಕಳೆದುಹೋಗಿ, ಅದನ್ನು ನೀವು ಮೈಸೂರಲ್ಲಿ ಕೂತು ಹುಡುಕುತ್ತಿದ್ದೀರಿ!

ಎಡ್ಡಿಯ ಪಾತ್ರ ಮಾಡಿದವರು ಮೈಕೆಲ್ ಪಾರೆ. ನೋಡಲು ಸುಂದರ, ತೆರೆಯ ಮೇಲೆ ಗತ್ತು ಇದೆ. ಆದರೆ ಸಿನಿಮಾದಲ್ಲಿ ಅವರು ಒಂದು ಸಾಲೂ ಹಾಡಿಲ್ಲ. ತುಟಿ ಮಾತ್ರ ಅವರದು, ಧ್ವನಿ ಕ್ಯಾಫರ್ಟಿಯದು. ತೆರೆಯ ಮೇಲಿನ ತಂಡದಲ್ಲೂ ನಿಜವಾದ ಬೀವರ್ ಬ್ರೌನ್ ಬ್ಯಾಂಡಿನವರು ಒಬ್ಬರೇ, ಸ್ಯಾಕ್ಸೊಫೋನ್ ನುಡಿಸುವ ಮೈಕೆಲ್ ಆಂಟೂನ್ಸ್. ಉಳಿದವರೆಲ್ಲ ನಟರು.

ಇದರಲ್ಲೇನಿದೆ ವಿಶೇಷ ಅಂತ ನಮಗೆ ಅನಿಸಬಹುದು. ನಮ್ಮ ಸಿನಿಮಾ ನಡೆದುಬಂದಿರುವುದೇ ಹಿನ್ನೆಲೆ ಗಾಯನದ ಮೇಲೆ. ರಾಜ್‌ಕುಮಾರ್ ತೆರೆಯ ಮೇಲೆ ಹಾಡುತ್ತಿದ್ದರೂ ಅದು ಪಿ.ಬಿ. ಶ್ರೀನಿವಾಸ್ ಧ್ವನಿ ಅಂತ ಮನೆಯ ಮಕ್ಕಳಿಗೂ ಗೊತ್ತಿತ್ತು. ರೇಡಿಯೊದಲ್ಲಿ ಹಾಡು ಹಾಕುವ ಮೊದಲು ಗಾಯಕರ ಹೆಸರು ಹೇಳುತ್ತಿದ್ದರು. ಪ್ಲೇಟಿನ ಮೇಲೂ ಹೆಸರು ಇರುತ್ತಿತ್ತು. ಹಾಲಿವುಡ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಒಬ್ಬರ ಮುಖ, ಇನ್ನೊಬ್ಬರ ಧ್ವನಿ ಅಂದರೆ ಮುಚ್ಚಿಡಬೇಕಾದ ವಿಷಯ. ಆಡ್ರೆ ಹೆಪ್‌ಬರ್ನ್, ನಟಾಲಿ ವುಡ್ ಅಂಥ ದೊಡ್ಡ ತಾರೆಯರಿಗೆ ಹಾಡಿದ ಮಾರ್ನಿ ನಿಕ್ಸನ್ ಹೆಸರು ಆ ಸಿನಿಮಾಗಳ ಟೈಟಲ್ ಕಾರ್ಡಿನಲ್ಲೇ ಇರಲಿಲ್ಲ. ಕ್ಯಾಫರ್ಟಿಗೆ ಅಷ್ಟು ಅನ್ಯಾಯ ಆಗಲಿಲ್ಲ, ಆಲ್ಬಮ್ ಮೇಲೆ ಅವರ ಹೆಸರು ಇತ್ತು. ಆದರೆ ಆಲ್ಬಮ್ಮಿನ ಹೆಸರೇ 'ಎಡ್ಡಿ ಆ್ಯಂಡ್ ದ ಕ್ರೂಸರ್ಸ್'. ಅದೂ ಒಂದು ಬ್ಯಾಂಡಿನ ಹೆಸರಿನ ಹಾಗೇ ಇದೆ, ಅಲ್ವಾ? ಜನ ಅಂಗಡಿಗೆ ಹೋಗಿ 'ಎಡ್ಡಿಯ ಕ್ಯಾಸೆಟ್ ಕೊಡಿ' ಅನ್ನುತ್ತಿದ್ದರೇ ಹೊರತು ಕ್ಯಾಫರ್ಟಿಯದು ಕೊಡಿ ಅನ್ನುತ್ತಿರಲಿಲ್ಲ. ನಿಮ್ಮ ಮಾವ ಬರೆದದ್ದೂ ಅದನ್ನೇ.

ಹಾಗಾದರೆ ಈ ಕ್ಯಾಫರ್ಟಿ ಯಾರು? ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯದ ಕಡಲೂರು ನ್ಯಾರಗ್ಯಾನ್ಸೆಟ್. ಬೀವರ್ ಬ್ರೌನ್ ಬ್ಯಾಂಡ್ ಹುಟ್ಟಿದ್ದು ಅಲ್ಲಿ, 1972ರಲ್ಲಿ. ಹೆಸರು ಸಿಕ್ಕಿದ್ದು ಒಂದು ಪೇಂಟ್ ಡಬ್ಬದಿಂದ. ಅದರ ಮೇಲಿದ್ದ ಬಣ್ಣದ ಹೆಸರೇ ಬೀವರ್ ಬ್ರೌನ್. ಹತ್ತು ವರ್ಷ ಇವರು ಬಾರ್‌ಗಳಲ್ಲಿ ನುಡಿಸಿದರು. ದೊಡ್ಡ ಕಂಪನಿಗಳು ತಿರುಗಿ ನೋಡಲಿಲ್ಲ. 1980ರಲ್ಲಿ ತಾವೇ ದುಡ್ಡು ಹಾಕಿ ಒಂದು ಸಣ್ಣ ಪ್ಲೇಟು ಹೊರತಂದರು. ಒಂದು ಬದಿಗೆ 'ವೈಲ್ಡ್ ಸಮ್ಮರ್ ನೈಟ್ಸ್', ಇನ್ನೊಂದು ಬದಿಗೆ 'ಟೆಂಡರ್ ಇಯರ್ಸ್'. ಈ ಎರಡೂ ಹಾಡು ಮುಂದೆ ಸಿನಿಮಾದಲ್ಲಿ ಬಂದವು. ಅಂದರೆ ತೆರೆಯ ಮೇಲೆ ಎಡ್ಡಿ ಹುಟ್ಟುವ ಮೊದಲೇ ಎಡ್ಡಿಯ ಹಾಡುಗಳು ಇದ್ದವು.

ಇವರನ್ನು ಸಿನಿಮಾಕ್ಕೆ ತಂದವರು ಕೆನ್ನಿ ವ್ಯಾನ್ಸ್. ಅರವತ್ತರ ದಶಕದ 'ಜೇ ಆ್ಯಂಡ್ ದ ಅಮೆರಿಕನ್ಸ್' ತಂಡದಲ್ಲಿ ಹಾಡಿದವರು. ನಿರ್ದೇಶಕರಿಗೆ ಬೇಕಾಗಿದ್ದದ್ದು ಮೂರು ಥರದ ಸಂಗೀತದ ಬೆರಕೆ: ಡಿಯಾನ್ ಮತ್ತು ಬೆಲ್ಮಾಂಟ್ಸ್ ಥರದ ಬೀದಿಬದಿಯ ಹಾಡುಗಾರಿಕೆ, ಡೋರ್ಸ್ ತಂಡದ ಜಿಮ್ ಮಾರಿಸನ್ ಥರದ ಕತ್ತಲು, ಸ್ಪ್ರಿಂಗ್‌ಸ್ಟೀನ್ ಥರದ ಕಸುವು. ವ್ಯಾನ್ಸ್‌ಗೆ ಇದೆಲ್ಲ ಬೀವರ್ ಬ್ರೌನ್ ಬ್ಯಾಂಡಿನಲ್ಲಿ ಒಟ್ಟಿಗೆ ಕಂಡಿತು. ಸಿನಿಮಾದ ಸಂಗೀತವನ್ನು ಅವರೇ ಪ್ರೊಡ್ಯೂಸ್ ಮಾಡಿದರು. ತಮಾಷೆ ಏನೆಂದರೆ, ಎಡ್ಡಿಯ ಎರಡನೇ ಆಲ್ಬಮ್ ಕೇಳಿ 'ಇದು ನಡೆಯಲ್ಲ' ಅಂತ ತಳ್ಳಿಹಾಕುವ ಕಂಪನಿ ಯಜಮಾನನ ಪಾತ್ರವನ್ನೂ ವ್ಯಾನ್ಸ್ ಅವರೇ ಮಾಡಿದ್ದಾರೆ.

ಈಗ ಸ್ಪ್ರಿಂಗ್‌ಸ್ಟೀನ್ ವಿಷಯ. ಧ್ವನಿ ಒರಟು, ಪಿಯಾನೊ ಓಟ, ಸ್ಯಾಕ್ಸೊಫೋನ್ ಜೋರು. ಹೋಲಿಕೆ ಇದೆ, ಇಲ್ಲ ಅನ್ನಲಾಗದು. ಆಗಿನ ವಿಮರ್ಶಕರು 'ನಕಲು' ಅಂದುಬಿಟ್ಟರು. ಕಥೆ ನಡೆಯುವುದು 1963ರ ಸುಮಾರಿಗೆ, ಹಾಡು ಕೇಳಿದರೆ 1978ರದ್ದು ಅನಿಸುತ್ತದೆ ಎಂಬ ಆಕ್ಷೇಪವೂ ಬಂತು. ಎರಡನೇ ಮಾತು ನಿಜ, ಒಪ್ಪಿದೆ. ಮೊದಲನೆಯದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ಪೂರ್ವ ಕರಾವಳಿಯ ಬಾರ್ ಬ್ಯಾಂಡುಗಳಿಗೆಲ್ಲ ಮೂಲ ಒಂದೇ. ಗ್ಯಾರಿ ಯು.ಎಸ್. ಬಾಂಡ್ಸ್, ಡಿಯಾನ್, ಮಿಚ್ ರೈಡರ್ ಹಾಡುಗಳನ್ನು ರಾತ್ರಿಯೆಲ್ಲ ನುಡಿಸಿ ಕುಣಿಸುವುದೇ ಅವರ ಕೆಲಸ. ಆ ಗದ್ದಲದಲ್ಲಿ ಕೇಳಿಸಬೇಕಾದರೆ ಗಂಟಲು ಒರಟಾಗುತ್ತದೆ. ಗಿಟಾರ್ ಒಂದೇ ಸಾಲದು ಅಂತ ಸ್ಯಾಕ್ಸೊಫೋನ್ ಬರುತ್ತದೆ. ಸಿನಿಮಾದ ಒಂದಷ್ಟು ಭಾಗ ಚಿತ್ರಿಸಿದ್ದು ನ್ಯೂಜೆರ್ಸಿಯ ಸೋಮರ್ಸ್ ಪಾಯಿಂಟ್ ಎಂಬ ಊರಿನ ಟೋನಿ ಮಾರ್ಟ್ಸ್ ಎಂಬ ಬಾರಿನಲ್ಲಿ. ಅದು ನಿಜವಾದ ಜಾಗ. ಲೆವನ್ ಆ್ಯಂಡ್ ದ ಹಾಕ್ಸ್ ಎಂಬ ತಂಡ 1965ರ ಬೇಸಿಗೆಯಲ್ಲಿ ಅಲ್ಲಿ ನುಡಿಸುತ್ತಿತ್ತು. ಅಲ್ಲಿಂದ ಬಾಬ್ ಡಿಲನ್ ಜೊತೆ ಹೋಗಿ, ಮುಂದೆ 'ದ ಬ್ಯಾಂಡ್' ಅಂತ ಹೆಸರಾಯಿತು. ಹೀಗೆ ಆ ಸದ್ದು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಸ್ಪ್ರಿಂಗ್‌ಸ್ಟೀನ್ ಆ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಬರಹಗಾರ, ಹಾಗಾಗಿ ಅದರ ಮೇಲೆ ಅವರ ಹೆಸರು ಬಿತ್ತು. ಬೀವರ್ ಬ್ರೌನ್ ಬ್ಯಾಂಡಿನವರ ಜೊತೆ ಅವರೇ ವೇದಿಕೆ ಏರಿ ನುಡಿಸಿದ್ದೂ ಉಂಟು.

ಇನ್ನು ಹಾಡಿನ ಅದೃಷ್ಟದ ಕಥೆ. ಇದು ಸ್ವಲ್ಪ ವಿಚಿತ್ರ.

ಸಿನಿಮಾ ತೆರೆಗೆ ಬಂದದ್ದು 1983ರ ಸೆಪ್ಟೆಂಬರ್‌ನಲ್ಲಿ. ಬಂದಷ್ಟೇ ಬೇಗ ಮಕಾಡೆ ಮಲಗಿತು. ಕೆಲವೇ ವಾರದಲ್ಲಿ ಚಿತ್ರಮಂದಿರದಿಂದ ಎತ್ತಿದರು. ಸ್ಕಾಟಿ ಬ್ರದರ್ಸ್ ಎಂಬ ಕಂಪನಿ ಈ ಹಾಡನ್ನು ಸಿಂಗಲ್ ಆಗಿ, ಅಂದರೆ ಆಲ್ಬಮ್ಮಿನಿಂದ ಬೇರೆಯಾಗಿ ಸಣ್ಣ ಪ್ಲೇಟಾಗಿ ಬಿಟ್ಟಿತ್ತು. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ನೂರು ಹಾಡುಗಳ ಪಟ್ಟಿಯಲ್ಲಿ 64ರವರೆಗೆ ಹತ್ತಿ ಇಳಿದುಹೋಯಿತು. ಮಾಮೂಲಿಯಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ಓಡದ ಸಿನಿಮಾದ ಹಾಡನ್ನು ಯಾರು ಕೇಳುತ್ತಾರೆ?

ಆದರೆ 1984ರ ಬೇಸಿಗೆಯಲ್ಲಿ ಎಚ್‌ಬಿಒ ಈ ಸಿನಿಮಾ ಹಾಕಿತು. ಎಚ್‌ಬಿಒ ಅಂದರೆ ತಿಂಗಳಿಗೆ ದುಡ್ಡು ಕೊಟ್ಟು ನೋಡುವ ಕೇಬಲ್ ಚಾನೆಲ್. ಜಾಹೀರಾತು ಇಲ್ಲ. ಸಿನಿಮಾಗಳ ಸಂಖ್ಯೆ ಕಡಿಮೆ, ಹಾಗಾಗಿ ಇದ್ದದ್ದನ್ನೇ ತಿಂಗಳಲ್ಲಿ ಹಲವು ಸಲ ಹಾಕುತ್ತಿದ್ದರು. ಶಾಲೆಗಳಿಗೆ ರಜೆ. ಮನೆಯಲ್ಲಿ ಕೂತ ಹುಡುಗ ಹುಡುಗಿಯರು ಇದೇ ಸಿನಿಮಾವನ್ನು ಸುಮ್ನೆ ಮತ್ತೆ ಮತ್ತೆ ನೋಡಿದರು. ಥಿಯೇಟರಿನಲ್ಲಿ ಒಂದು ಸಲ ನೋಡಿದ ಹಾಡು ಮರೆತುಹೋಗಬಹುದು. ವಾರಕ್ಕೆ ಮೂರು ಸಲ ಮನೆಯೊಳಗೇ ಬಂದರೆ ಬಾಯಿಪಾಠ ಆಗುತ್ತದೆ. ರೆಕಾರ್ಡ್ ಅಂಗಡಿಗಳಲ್ಲಿ ವಿಚಾರಣೆ ಶುರುವಾಯಿತು. ಕಂಪನಿ ಸಿಂಗಲ್ಲನ್ನು ಮತ್ತೆ ಬಿಟ್ಟಿತು. ಹಿಂದಿನ ವರ್ಷ 64ರಲ್ಲಿ ಸತ್ತ ಹಾಡು 1984ರ ಅಕ್ಟೋಬರ್‌ನಲ್ಲಿ 7ನೇ ಸ್ಥಾನಕ್ಕೆ ಬಂತು. ರಾಕ್ ರೇಡಿಯೊ ಪಟ್ಟಿಯಲ್ಲಂತೂ ಮೊದಲ ಸ್ಥಾನ. ಆಲ್ಬಮ್ 9ನೇ ಸ್ಥಾನದವರೆಗೆ ಹೋಯಿತು. ಅಮೆರಿಕದಲ್ಲಿ ಕಾಲಕ್ರಮೇಣ 30 ಲಕ್ಷ ಪ್ರತಿಯ ಪ್ರಮಾಣಪತ್ರವೂ ಅದಕ್ಕೆ ಸಿಕ್ಕಿತು. ಹಾಡು ಗೆಲ್ಲುವ ಹೊತ್ತಿಗೆ ಸಿನಿಮಾ ಥಿಯೇಟರ್ ಬಿಟ್ಟು ಸುಮಾರು ಒಂದು ವರ್ಷವಾಗಿತ್ತು.

ಎಲ್ಲರೂ ಇದನ್ನು ಎಚ್‌ಬಿಒ ಪವಾಡ ಅಂತಲೇ ಹೇಳುತ್ತಾರೆ. ದೊಡ್ಡ ಕಾರಣ ಅದೇ, ಸರಿ. ಆದರೆ ಆ ಬೇಸಿಗೆಯಲ್ಲಿ ಇನ್ನೆರಡು ಸಂಗತಿ ನಡೆದಿದ್ದನ್ನು ಬಿಡಬಾರದು. ಒಂದು, 1984ರ ಜೂನ್‌ನಲ್ಲಿ ಸ್ಪ್ರಿಂಗ್‌ಸ್ಟೀನ್ ಅವರ 'ಬಾರ್ನ್ ಇನ್ ದ ಯು.ಎಸ್.ಎ.' ಬಂತು. ದೇಶಕ್ಕೆ ದೇಶವೇ ಆ ಥರದ ಸದ್ದಿಗೆ ಕಿವಿಕೊಟ್ಟಿತ್ತು. ಹಿಂದಿನ ವರ್ಷ 'ಹಳೇ ಕಾಲದ್ದು' ಅನಿಸಿದ ಪಿಯಾನೊ, ಸ್ಯಾಕ್ಸೊಫೋನ್ ಈಗ ಹೊಸದಾಗಿ ಕೇಳಿಸಿತು. ಎರಡು, ಆ ವರ್ಷ ಅಮೆರಿಕದಲ್ಲಿ ಸಿನಿಮಾ ಹಾಡುಗಳದ್ದೇ ಕಾರುಬಾರು. ಪ್ರಿನ್ಸ್, ಫಿಲ್ ಕಾಲಿನ್ಸ್, ಸ್ಟೀವಿ ವಂಡರ್ ಎಲ್ಲರೂ ಆ ವರ್ಷ ಮೊದಲ ಸ್ಥಾನ ಮುಟ್ಟಿದ್ದು ಸಿನಿಮಾ ಹಾಡಿನಿಂದಲೇ. ಅಂಗಡಿಯಲ್ಲಿ ಸೌಂಡ್‌ಟ್ರ್ಯಾಕ್ ಆಲ್ಬಮ್‌ಗಳು ಎದುರಿಗೇ ಜೋಡಿಸಿಟ್ಟಿರುತ್ತಿದ್ದವು. ಎಡ್ಡಿಯೂ ಆ ಸಾಲಿಗೆ ಸೇರಿಕೊಂಡ.

ಮೈಕೆಲ್ ಪಾರೆ ಅವರದ್ದೂ ಒಂದು ವಿಚಿತ್ರ ಜಾತಕ. 1984ರಲ್ಲಿ ಅವರು 'ಸ್ಟ್ರೀಟ್ಸ್ ಆಫ್ ಫೈರ್' ಎಂಬ ಇನ್ನೊಂದು ರಾಕ್ ಸಿನಿಮಾ ಮಾಡಿದರು. ಅದೂ ತೋಪಾಯಿತು. ಅದರ 'ಐ ಕ್ಯಾನ್ ಡ್ರೀಮ್ ಅಬೌಟ್ ಯು' ಹಾಡು ಮಾತ್ರ 6ನೇ ಸ್ಥಾನಕ್ಕೆ ಹೋಯಿತು. ಅಲ್ಲಿಯ ಗೊಂದಲ ಇನ್ನೂ ಜಾಸ್ತಿ. ತೆರೆಯ ಮೇಲೆ ತುಟಿ ಆಡಿಸುವ ನಟ ಒಬ್ಬ, ಸಿನಿಮಾದಲ್ಲಿ ಕೇಳುವ ಧ್ವನಿ ಇನ್ನೊಬ್ಬನದು, ಪ್ಲೇಟಿನಲ್ಲಿ ಹಾಡಿದ್ದು ಮೂರನೆಯವರು, ಡ್ಯಾನ್ ಹಾರ್ಟ್‌ಮನ್. ಈ ಕಾಲದ ಸಿನಿಮಾ ಹಾಡು ಹುಡುಕುವಾಗ ಇದೊಂದು ನೆನಪಿರಲಿ: ತೆರೆಯಲ್ಲಿ ಕಂಡವರ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

ಮರೆವಿನ ಪ್ರಶ್ನೆಗೆ ಈಗ ಬರೋಣ. 7ನೇ ಸ್ಥಾನಕ್ಕೆ ಹೋದ ಹಾಡನ್ನು ಪೂರ್ತಿ ಮರೆತಿದ್ದಾರೆ ಅಂತ ಹೇಳಲಾಗದು. ನ್ಯೂಜೆರ್ಸಿ, ರೋಡ್ ಐಲೆಂಡ್ ಕಡೆ ಐವತ್ತು ದಾಟಿದವರನ್ನು ಕೇಳಿದರೆ ಕೂಡಲೇ ಗುನುಗುತ್ತಾರೆ. ಆ ವಲಯದ ಹೊರಗೆ ಅದು ಮಸುಕಾಯಿತು. ನನಗೆ ಕಾಣುವ ಕಾರಣ, ಹಾಡಿಗೆ ವಾರಸುದಾರರೇ ಇಲ್ಲದಂತಾಯಿತು. ಸ್ಪ್ರಿಂಗ್‌ಸ್ಟೀನ್ ಅಭಿಮಾನಿಗಳಿಗೆ ಅದು ನಕಲು. ಸಿನಿಮಾ ಪ್ರೇಮಿಗಳಿಗೆ ಅದು ಎಡ್ಡಿಯ ಹಾಡು, ಮತ್ತು ಎಡ್ಡಿ ಎಂಬವನು ಇಲ್ಲ. ಇಲ್ಲದ ಗಾಯಕನಿಗೆ ಮುಂದಿನ ಆಲ್ಬಮ್ ಇಲ್ಲ, ಸಂದರ್ಶನ ಇಲ್ಲ, ಹಳೆಯ ಹಾಡು ನೆನಪಿಸುವ ಹೊಸ ಹಾಡಿಲ್ಲ. ಕ್ಯಾಫರ್ಟಿ ಏನು ಹಾಡಿದರೂ ಜನ ಎಡ್ಡಿಯನ್ನೇ ಕೇಳುತ್ತಿದ್ದರು. 1985ರಲ್ಲಿ ಅವರ ಸ್ವಂತ ಆಲ್ಬಮ್ 'ಟಫ್ ಆಲ್ ಓವರ್' ಬಂತು. ಎರಡು ಹಾಡು ಮೊದಲ ಇಪ್ಪತ್ತೈದರೊಳಗೆ ಬಂದವು. ಕೆಟ್ಟ ಫಲಿತಾಂಶವೇನಲ್ಲ. ಆದರೂ ಅವರಿಗೆ ಮತ್ತೆ ಸಿಕ್ಕಿದ್ದು ಸಿನಿಮಾ ಕೆಲಸವೇ. ಸಿಲ್ವೆಸ್ಟರ್ ಸ್ಟಲೋನ್ ಅವರ 'ರಾಕಿ 4' ಚಿತ್ರಕ್ಕೆ 'ಹಾರ್ಟ್ಸ್ ಆನ್ ಫೈರ್', ಮರುವರ್ಷ 'ಕೋಬ್ರಾ'ಗೆ ಇನ್ನೊಂದು. 'ರಾಕಿ 4' ಸೌಂಡ್‌ಟ್ರ್ಯಾಕ್ ಕೂಡ ಸ್ಕಾಟಿ ಬ್ರದರ್ಸ್ ಕಂಪನಿಯದೇ, ಹಾಗಾಗಿ ತಮ್ಮ ಗಾಯಕರನ್ನು ಅಲ್ಲಿ ಕೂರಿಸುವುದು ಸುಲಭವಿತ್ತು. ಹಿಮದಲ್ಲಿ ಓಡುತ್ತಾ ರಾಕಿ ಕಸರತ್ತು ಮಾಡುವಾಗ ಕೇಳುವ ಹಾಡು ನಿಮಗೆ ಗೊತ್ತಿದ್ದರೆ, ಕ್ಯಾಫರ್ಟಿಯ ಧ್ವನಿ ನಿಮಗೆ ಆಗಲೇ ಪರಿಚಯ. 1989ರಲ್ಲಿ ಎಡ್ಡಿ ಬದುಕಿದ್ದಾನೆ ಅಂತ ಸಿನಿಮಾದ ಎರಡನೇ ಭಾಗವೂ ಬಂತು. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ಇನ್ನು ನಿಮ್ಮ ಆ್ಯಪ್ ಯಾಕೆ ಸೋತಿತು ಅನ್ನುವುದು. ಹಾಡಿನ ತಪ್ಪಲ್ಲ, ಬಹುಶಃ ನಿಮ್ಮ ಟೇಪ್ ರೆಕಾರ್ಡರ್ ತಪ್ಪು. ಶಜಾಮ್ ಥರದ ಆ್ಯಪ್ ರಾಗ ಗುರುತಿಸುವುದಿಲ್ಲ. ಆ ಒಂದು ರೆಕಾರ್ಡಿಂಗಿನ ಸದ್ದಿನ ಬೆರಳಚ್ಚನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಯಾವ ಸ್ವರ ಯಾವ ಕ್ಷಣದಲ್ಲಿ ಬರುತ್ತದೆ ಎಂಬುದು ಹೊಂದಬೇಕು. ಹಳೆಯ ಟೇಪ್ ರೆಕಾರ್ಡರಿನ ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ಟೇಪು ನಿಧಾನ ಓಡುತ್ತದೆ. ನೂರಕ್ಕೆ ಆರರಷ್ಟು ನಿಧಾನವಾದರೆ ಸಾಕು, ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಮನೆಯಷ್ಟು ಶ್ರುತಿ ಇಳಿದಿರುತ್ತದೆ. ನಮ್ಮ ಕಿವಿಗೆ ಅದೇ ಹಾಡು. ಆ್ಯಪ್‌ಗೆ ಅದು ಬೇರೆ. ಇಂಥ ಸಂದರ್ಭದಲ್ಲಿ ಗೂಗಲ್‌ನಲ್ಲಿ ಗುನುಗಿ ಹುಡುಕುವ ಸೌಲಭ್ಯ ಬಳಸಿ. ಅದು ರಾಗದ ಏರಿಳಿತ ನೋಡುತ್ತದೆ, ಶ್ರುತಿ ಎಷ್ಟಿದ್ದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ಹದಿನೈದು ಸೆಕೆಂಡ್ ಗುನುಗಿದರೆ ಸಾಕು.

ಒಳ್ಳೆಯ ಪ್ರತಿ ಸಿಗುವುದು ಕಷ್ಟವಲ್ಲ. ಸ್ಕಾಟಿ ಬ್ರದರ್ಸ್ ಹಾಡುಗಳು ಕೈ ಬದಲಾಯಿಸುತ್ತಾ ಬಂದವು. ಹಾಗಾಗಿ ಮಾರುಕಟ್ಟೆಯಲ್ಲಿ ಬೇರೆ ಬೇರೆ ಹೆಸರಿನ ಸಂಗ್ರಹಗಳಿವೆ. ಹಾಡು ಕೇಳುವ ಆ್ಯಪ್‌ಗಳಲ್ಲಿ ಜಾನ್ ಕ್ಯಾಫರ್ಟಿ ಹೆಸರು ಹಾಕಿ, 'ಎಡ್ಡಿ ಆ್ಯಂಡ್ ದ ಕ್ರೂಸರ್ಸ್' ಸೌಂಡ್‌ಟ್ರ್ಯಾಕ್ ಆಲ್ಬಮ್ ಒಳಗಿನ ಹಾಡನ್ನೇ ಆರಿಸಿ. 'ಎಂಬತ್ತರ ದಶಕದ ಹಿಟ್ಸ್' ಅನ್ನುವ ಅಗ್ಗದ ಸಂಗ್ರಹಗಳ ಬಗ್ಗೆ ಎಚ್ಚರ. ಇಂಥವುಗಳಲ್ಲಿ ಬೇರೆಯವರು ಹಾಡಿದ್ದು, ಹೊಸದಾಗಿ ರೆಕಾರ್ಡ್ ಮಾಡಿದ್ದು ಎಲ್ಲ ಸೇರಿರುತ್ತದೆ. ಗುರುತು ಹಿಡಿಯಲು ಒಂದು ಉಪಾಯ: ಮೂಲ ಹಾಡು ಮೂರು ನಿಮಿಷಕ್ಕಿಂತ ಕಡಿಮೆ. ನಾಲ್ಕೈದು ನಿಮಿಷ ಇದ್ದರೆ ಅದು ವೇದಿಕೆಯ ಮೇಲಿನದ್ದೋ ಇನ್ಯಾವುದೋ ಇರಬೇಕು. ಹಳೆಯ ಪ್ಲೇಟೇ ಬೇಕು ಅಂದರೆ ಡಿಸ್ಕಾಗ್ಸ್ ಜಾಲತಾಣ ನೋಡಿ. ಲಕ್ಷಗಟ್ಟಲೆ ಮಾರಾಟವಾದ ಆಲ್ಬಮ್, ಹಾಗಾಗಿ ಅಪರೂಪದ ವಸ್ತು ಏನಲ್ಲ. ಯಾರಾದರೂ ಅಪರೂಪ ಅಂತ ಹೇಳಿ ಬೆಲೆ ಏರಿಸಿದರೆ ನಂಬಬೇಡಿ. ಆದರೆ ಬ್ಯಾಂಡಿನವರೇ ಹೊರತಂದ 1980ರ ಸಣ್ಣ ಪ್ಲೇಟು ಕಂಡರೆ ಬಿಡಬೇಡಿ.

ಮಾವನ ಕ್ಯಾಸೆಟ್ಟನ್ನು ಎಸೆಯಬೇಡಿ. ಅದರಲ್ಲಿ ಬೇರೆ ಹಾಡುಗಳೂ ಇವೆಯಲ್ಲ. ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯಿಂದ ಒರೆಸಿ. ಬೆಲ್ಟ್ ಬದಲಾಯಿಸಿ. ಟೇಪನ್ನು ಒಂದು ಸಲ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಕಡೆ ಬಿಗಿದು ಕೂತ ಟೇಪು ಇದರಿಂದ ಸಡಿಲವಾಗುತ್ತದೆ. ಕ್ಯಾಸೆಟ್ಟಿನ ಬಾಯಲ್ಲಿ ಒಂದು ಸಣ್ಣ ಸ್ಪಂಜು ಇರುತ್ತದೆ, ಅದು ಉದುರಿದ್ದರೆ ಧ್ವನಿ ಮಂಕಾಗುತ್ತದೆ. ಆಮೇಲೆ ಫೋನಿನ ಮೈಕಿನಿಂದಲ್ಲ, ವೈರ್ ಹಾಕಿ ನೇರ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ. ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಈಗ 'ಆನ್ ದ ಡಾರ್ಕ್ ಸೈಡ್' ನಿಮಗೆ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ಮೂಲ ಹಾಡಿನ ಉದ್ದ, ನಿಮ್ಮ ಪ್ರತಿಯ ಉದ್ದ ಎರಡನ್ನೂ ಹೋಲಿಸಿ. ನಿಮ್ಮದು ಉದ್ದ ಇದ್ದರೆ ಅದೇ ಲೆಕ್ಕದಲ್ಲಿ ಇಡೀ ಕ್ಯಾಸೆಟ್ಟಿನ ವೇಗ ಏರಿಸಿ. ಆಗ ಉಳಿದ ಹೆಸರಿಲ್ಲದ ಹಾಡುಗಳನ್ನು ಆ್ಯಪ್ ಗುರುತಿಸುವ ಸಾಧ್ಯತೆ ಜಾಸ್ತಿ.

ಕ್ಯಾಸೆಟ್ಟಿನಲ್ಲಿ ಅದೇ ಧ್ವನಿಯ ನಿಧಾನ ಗತಿಯ ಹಾಡು ಇನ್ನೊಂದು ಇದೆಯಾ ನೋಡಿ. ಇದ್ದರೆ ಅದು 'ಟೆಂಡರ್ ಇಯರ್ಸ್' ಇರಬೇಕು. ಮೊದಲ ಸಿಂಗಲ್ ಗೆದ್ದ ಮೇಲೆ ಅದನ್ನೂ ಬಿಟ್ಟರು, 31ನೇ ಸ್ಥಾನಕ್ಕೆ ಹೋಯಿತು. ಅದಲ್ಲದಿದ್ದರೆ 'ಬೋರ್ಡ್‌ವಾಕ್ ಏಂಜೆಲ್' ಆಗಿರಬಹುದು. ನನ್ನ ಕೇಳಿದರೆ ಇಡೀ ಆಲ್ಬಮ್‌ನಲ್ಲಿ ಒಳ್ಳೆಯ ಹಾಡು ಅದೇ. ಸಿಂಗಲ್ಲಿನ ಗದ್ದಲದಲ್ಲಿ ಅದನ್ನು ಯಾರೂ ಸರಿಯಾಗಿ ಕೇಳಲೇ ಇಲ್ಲ.